ಗಾಳಿಕಿಂಡಿ ತೆರೆಸುವ ಬಿಸಿನೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಇಕ್ಕಟ್ಟಾದ ಬಚ್ಚಲುಮನೆಯಲ್ಲಿ, ಗೀಸರ್ ರಿಪೇರಿಗೆ ಬಂದ ಬಿಸಿನೀರಕ್ಕ ಸ್ಟೂಲಿನ ಮೇಲೆ ನಿಂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ಹಲ್ಲುಜ್ಜುವ ಹಳೇ ಬ್ರಷ್ಷು. ಗ್ಯಾಸ್ ಗೀಸರಿನ ಮುಚ್ಚಳ ಬಿಚ್ಚಿ ಬರ್ನರಿನ ಮಸಿ ಉಜ್ಜುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಎಳೆಗೂಸು ರಾಗ ತೆಗೆದಿದೆ.

"ಬೇಗ ಹಚ್ಚಮ್ಮ, ಮಗೂಗೆ ನೀರು ಹಾಕ್ಬೇಕು," ಎಂದು ಬಾಗಿಲಲ್ಲಿ ನಿಂತ ಅಜ್ಜಿಗೆ ಅವಸರ.

ಗ್ಯಾಸ್ ಕೊಳವೆಗೆ ಸೋಪಿನ ನೊರೆ ಸವರಿ, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಕ್ಕ ಗೀಸರ್ ಹಚ್ಚುತ್ತಾರೆ. ಬಳಿಕ ಒಂದು ಬೆಂಕಿಕಡ್ಡಿ ಗೀರಿ, ಆರಿಸಿ, ಅದರ ಹೊಗೆಯನ್ನು ಗೀಸರಿನ ನೆತ್ತಿಗೆ ಹಿಡಿಯುತ್ತಾರೆ. ಹೊಗೆ ಗಾಳಿಕಿಂಡಿಯತ್ತ ಹೋಗುವ ಮೇಲಿನ ಕೊಳವೆಗೆ ಏರಬೇಕು. ಏರುವುದಿಲ್ಲ, ಅವರ ಮುಖಕ್ಕೇ ತಿರುಗುತ್ತದೆ. ತಲೆಯೆತ್ತಿ ನೋಡಿದರೆ ಗಾಳಿಕಿಂಡಿಗೆ ರಟ್ಟು, ಕೆಳಗೆ ನೋಡಿದರೆ ಬಾಗಿಲಡಿಯ ಸಂದಿ ಮುಚ್ಚಲು ಇಟ್ಟ ಟವೆಲ್ಲು. ಅಕ್ಕ ತಟ್ಟನೆ ಗ್ಯಾಸ್ ಆರಿಸುತ್ತಾರೆ.

"ಯಾರಜ್ಜಿ ಮುಚ್ಚಿದ್ದು?"

"ನಾನೇ. ಕೂಸಿಗೆ ಶೀತಗಾಳಿ ಬಡೀಬಾರ್ದು ನೋಡು."

"ಹೊಗೆ ಆಚೆ ಹೋಗೋ ದಾರೀನೂ ಅದೇ ಅಲ್ವಾ? ಗ್ಯಾಸ್ ಉರಿದಾಗ ಬರೋ ವಿಷಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೂ ಬಡಿಯಲ್ಲ. ಮಂಪರು ಬಂದಂಗಾಗಿ ಉಸಿರೇ ನಿಂತೋಗುತ್ತೆ. ರಟ್ಟು ತೆಗೆಯೋ ತನಕ ನಾನು ಹಚ್ಚಲ್ಲ."

"ಮೂರು ಹೆತ್ತು ಸಾಕಿದೀನಿ, ನನಗೇ ಪಾಠವಾ? ನೀನಲ್ಲದಿದ್ರೆ ಇನ್ನೊಬ್ಬರು ಬರ್ತಾರೆ, ಬಿಡು."

"ಬರ್ಲಿ. ಅಲ್ಲೀತನಕ ಇಲ್ಲೇ ಕೂತಿರ್ತೀನಿ." ಅಕ್ಕ ಬಚ್ಚಲ ಹೊಸ್ತಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಈ ಹಟ ಇಂದಿನದಲ್ಲ. ಕೊಳಾಯಿ ರಿಪೇರಿ ಮಾಡುವ ಅಣ್ಣನಿಗೆ ಸ್ಪ್ಯಾನರ್ ಎತ್ತಿಕೊಡುತ್ತಲೇ ಕಸುಬು ಕಲಿತವರು ಇವರು. ಮೊದಮೊದಲು ಬಾಗಿಲು ತೆರೆದವರೆಲ್ಲ ಇವರ ಬೆನ್ನ ಹಿಂದೆ ಇಣುಕಿ, "ಮೇಸ್ತ್ರಿ ಎಲ್ಲಿ?" ಎನ್ನುತ್ತಿದ್ದರಂತೆ. "ಮೆಟ್ಟಿಲು ಹತ್ತುತಾ ಇದಾರೆ, ಅವರು ಬರೋಷ್ಟರಲ್ಲಿ ನಾನೇ ಮುಗಿಸ್ತೀನಿ ಅಂತಿದ್ದೆ," ಎಂದು ನಗುತ್ತಾರೆ. ಚಳಿಗಾಲದಲ್ಲಿ ದಿನಕ್ಕೆ ಏಳೆಂಟು ಮನೆ. ಬೇಸಿಗೆ ಬಂತೆಂದರೆ ಏಸಿಯ ಜಾಲರಿ ತೊಳೆಯಬೇಕು, ಕೂಲರಿನ ಪಾಚಿ ಕೆರೆಯಬೇಕು. ಮುಂಗೈ ತುಂಬ ಸುಟ್ಟ ಕಲೆಗಳು, ಸಂಜೆಯಾದರೆ ಮಂಡಿ ಮಾತು ಕೇಳುವುದಿಲ್ಲ. "ಮದುವೆ ಮನೆಗೆ ಹೋದ್ರೂ ಇವಳು ಮೊದಲು ನೋಡೋದು ಬಚ್ಚಲ ಗಾಳಿಕಿಂಡೀನೇ, ಮದುಮಕ್ಕಳು ಆಮೇಲೆ," ಎಂಬುದು ಗಂಡನ ಕೀಟಲೆ.

ಒಳಗೆ ಕೂಸಿನ ಅಳು ಜೋರಾಗುತ್ತದೆ. ಅಕ್ಕನ ದನಿ ಮೆತ್ತಗಾಗುತ್ತದೆ.

"ನಿಮ್ಮ ಭಯಾನೂ ಸುಳ್ಳಲ್ಲ ಅಜ್ಜಿ. ಬಕೆಟ್ಟಿಗೆ ಬಿಸಿನೀರು ಹಿಡ್ಕೊಂಡು ಗೀಸರ್ ಆರಿಸಿ. ಮಗೂನ ಕೋಣೇಲೇ ಟಬ್ಬಿನಲ್ಲಿ ಮೀಯಿಸಿ. ಆಗ ಗಾಳೀನೂ ತಾಕಲ್ಲ, ಹೊಗೇನೂ ತಾಕಲ್ಲ."

ಅಜ್ಜಿ ಟವೆಲ್ಲನ್ನು ಕಾಲಿನಿಂದಲೇ ಆಚೆ ತಳ್ಳಿ, ಬಟ್ಟೆ ಒಣಹಾಕುವ ಕೋಲು ತಂದು ರಟ್ಟಿಗೆ ಒಂದು ತಿವಿತ ಕೊಡುತ್ತಾರೆ. ರಟ್ಟು ಬಕೆಟ್ಟಿನೊಳಗೆ ಬೀಳುತ್ತದೆ. ಅಕ್ಕ ಗೀಸರ್ ಹಚ್ಚಿ, ಇನ್ನೊಂದು ಕಡ್ಡಿಯನ್ನು ಗೀರಿ, ಆರಿಸಿ, ಅಜ್ಜಿಯ ಕೈಗೇ ಕೊಡುತ್ತಾರೆ. ಈ ಸಲ ಹೊಗೆ ಸರ್ರನೆ ಕೊಳವೆಗೆ ಏರುತ್ತದೆ. ಅಜ್ಜಿ ಕಡ್ಡಿಯನ್ನೂ ಗೀಸರನ್ನೂ ನೋಡುತ್ತಾರೆ. ಬಕೆಟ್ಟಿನಿಂದ ರಟ್ಟನ್ನು ಎತ್ತಿ ಹಾಕುತ್ತಾ ಕೇಳುತ್ತಾರೆ:

"ಮುಂದಿನ ವರ್ಷಾನೂ ನೀನೇ ಬರ್ತೀಯೇನಮ್ಮ?"

"ಬರ್ತೀನಿ. ಕೆಟ್ಟ ಮೇಲೆ ಕರೀಬೇಡಿ, ಚಳಿ ಹಿಡಿಯೋ ಮುಂಚೇನೇ ಕರೀರಿ. ಅಷ್ಟೊತ್ತಿಗೆ ನಿಮ್ಮ ಕಂದ ಪುಟ್ಟಪುಟ್ಟ ಹೆಜ್ಜೆ ಹಾಕ್ಕೊಂಡು ಬಂದು ನನ್ನ ಚೀಲದಿಂದ ಸ್ಪ್ಯಾನರ್ ಕಿತ್ಕೋಬೇಕು. ಅದನ್ನ ನೋಡ್ಬೇಕು ನಾನು."