ಕುಂಕುಮ ಹಚ್ಚಿದ ಡ್ರಮ್ಮು

ಮೀಟರು ಕೆಟ್ಟಿರಲಿಲ್ಲ, ಪೈಪು ಸೋರಿರಲಿಲ್ಲ, ಆಳು ಕದ್ದಿರಲಿಲ್ಲ. ನಮ್ಮ ಬೀಗತಿ ದಿನಾ ಬೆಳಿಗ್ಗೆ ಒಂದು ಡ್ರಮ್ಮು ನೀರನ್ನು ಭಕ್ತಿಯಿಂದ ಗಟಾರಕ್ಕೆ ಬಿಡುತ್ತಿದ್ದರು. ಆದದ್ದು ಇಷ್ಟೇ. ಈಗ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಗ ಮಾತ್ರ ಮನೆಮಂದಿಯೆಲ್ಲ ತಲೆ ಕೆರೆದುಕೊಂಡೆವು, ಅದರಲ್ಲಿ ಹೆಚ್ಚು ಕೆಟ್ಟದ್ದು ನನ್ನ ತಲೆ.

ಬೀಗತಿ ಎಂದರೆ ಅಳಿಯನ ತಾಯಿ, ಮೈಸೂರಿನವರು. ನಾನು ಬಾಗಲಕೋಟೆ ಕಡೆಯವಳು, ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಬ್ಬರಿಗೂ ಗಂಡಂದಿರಿಲ್ಲ. ಪರದೇಶದಲ್ಲಿ, ಹೌಗಾಂಗ್ ಎಂಬಲ್ಲಿ, ಮಗಳು ಅಳಿಯ ಹಿಡಿದಿದ್ದ ಹಳೆಯ ಬಾಡಿಗೆ ಮನೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಜಗಳವಿರಲಿಲ್ಲ. ಅವರದು ಮಗನ ಮನೆ, ನನ್ನದು ಮಗಳ ಮನೆ. ಆ ವ್ಯತ್ಯಾಸ ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಳಿಯ ಮೊದಲು ಪಾಸಿರ್ ಪಂಜಾಂಗ್‌ನಲ್ಲಿ ಹಡಗಿನ ಆಫೀಸಿನಲ್ಲಿದ್ದ. ಅದು ಬಿಟ್ಟು ಕಿಟಕಿ ತೊಳೆಯುವ ಧಂದೆ ಶುರುಮಾಡಿದ. ಕಿಟಕಿ ತೊಳೆಯುವುದಕ್ಕೂ ಒಂದು ಕಂಪನಿಯೇ ಎಂದು ನಾನು ನಕ್ಕಿದ್ದೆ. ಒಂದು ವ್ಯಾನು, ಮೂರು ಮಾಳಿಗೆ ಮುಟ್ಟುವಷ್ಟು ಉದ್ದದ ಕೋಲು, ಅದರ ತುದಿಗೆ ನೀರು ಉಗುಳುವ ಬ್ರಶ್ಶು, ಹೊಸೂರು ಕಡೆಯ ಒಬ್ಬ ಆಳು. ಆ ಮನುಷ್ಯನಿಗೆ ಊರಲ್ಲಿ ಹೆಂಡತಿ, ಎರಡು ಮಕ್ಕಳು. ಕನ್ನಡ ಮಾತಾಡುತ್ತಿದ್ದ, ಸಿಟ್ಟು ಬಂದರೆ ತಮಿಳು.

ಸಾದಾ ನಲ್ಲಿಯ ನೀರಿನಲ್ಲಿ ತೊಳೆದರೆ ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವಂತೆ. ಅದಕ್ಕೆ ನೀರು ಸೋಸುವ ಒಂದು ಮಿಷಿನ್ನು ತಂದು ಮನೆಯ ಮುಂದಿನ ಪಡಸಾಲೆಯಲ್ಲಿ ಇಟ್ಟಿದ್ದರು. ಸಂಜೆ ಆಳು ಬಂದು ನಲ್ಲಿ ತಿರುಗಿಸಿ ಹೋಗುತ್ತಿದ್ದ. ಮಿಷಿನ್ನು ಗುಂಯ್ ಎನ್ನುತ್ತ ಒಂದು ನೀಲಿ ಡ್ರಮ್ಮು ತುಂಬುತ್ತಿತ್ತು. ತುಂಬಿದರೆ ತಾನೇ ನಿಲ್ಲುತ್ತಿತ್ತು, ನೀರು ಇಳಿದರೆ ತಾನೇ ಶುರುವಾಗುತ್ತಿತ್ತು. ಬೆಳಿಗ್ಗೆ ಆಳು ಬಂದು ಆ ನೀರನ್ನು ವ್ಯಾನಿನ ಟ್ಯಾಂಕಿಗೆ ತುಂಬಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ನನಗೆ ತಿಳಿಯದೆ ಹೋದದ್ದು ಅಲ್ಲಿಂದಲೇ. ಒಂದು ಬಕೆಟ್ ಚೊಕ್ಕ ನೀರು ಬರಬೇಕಾದರೆ ಮಿಷಿನ್ನು ಮೂರು ಬಕೆಟ್ ಆಚೆ ಚೆಲ್ಲುತ್ತದೆ. ಆ ಮೂರು ಬಕೆಟ್ಟೂ ನೋಡಲಿಕ್ಕೆ ಒಳ್ಳೆಯ ನೀರೇ. ಚೊಕ್ಕ ನೀರನ್ನಾದರೂ ಕುಡಿಯೋಣ ಎಂದರೆ ಅದು ಕುಡಿಯುವುದಕ್ಕಲ್ಲ ಅಂತ ಮಗಳು ಲೋಟ ಕಿತ್ತುಕೊಂಡಳು. ಕುಡಿಯಬಾರದಷ್ಟು ಚೊಕ್ಕ ನೀರು ಎಂದರೇನು ಎಂದು ಕೇಳಿದೆ. ಅವಳೂ ಯೋಚನೆ ಮಾಡಿ, ಸುಮ್ಮನಿರವ್ವಾ ಎಂದಳು. ಬರುವ ನೀರಿಗೂ ದುಡ್ಡು, ಗಟಾರಕ್ಕೆ ಹೋಗುವ ನೀರಿಗೂ ದುಡ್ಡು ಎಂದು ಅಳಿಯ ಹೇಳಿದಾಗ ಇವರು ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡೆ.

ಆ ವರ್ಷವೇ ಸರ್ಕಾರ ನೀರಿನ ದರ ಏರಿಸಿತು. ಅಳಿಯ ಕಾಂಡೊ ಎನ್ನುವ ದೊಡ್ಡ ಅಪಾರ್ಟ್‌ಮೆಂಟುಗಳವರ ಜೊತೆ ವರ್ಷಕ್ಕೆಂದು ದರ ಒಪ್ಪಿಕೊಂಡಿದ್ದ, ನಡುವೆ ಕೇಳುವಂತಿರಲಿಲ್ಲ. ಮಿಷಿನ್ನು ಚೆಲ್ಲುವ ನೀರನ್ನು ಹಿಡಿದು ಅರಿವೆ ತೊಳೆಯಲು, ನೆಲ ಒರೆಸಲು ಬಳಸಿದೆವು. ಕೈಗೆ ಎಟುಕುವ ಗಾಜಿಗೆ ಕೋಲು ಬೇಡ, ಬಕೆಟ್ಟು ಮತ್ತು ರಬ್ಬರ್ ಪಟ್ಟಿ ಸಾಕು ಎಂದು ಅಳಿಯ ಆಳಿಗೆ ಹೇಳಿದ. ಬಿಲ್ಲು ಸ್ವಲ್ಪ ತಗ್ಗಿತು.

ನಂತರ ಆಯುಧ ಪೂಜೆ ಬಂತು. ವ್ಯಾನಿಗೆ ಹಾರ ಹಾಕಿ, ಕೋಲು, ಬ್ರಶ್ಶು, ಮಿಷಿನ್ನು, ಡ್ರಮ್ಮು ಎಲ್ಲದಕ್ಕೂ ಕುಂಕುಮ ಹಚ್ಚಿದರು. ಡ್ರಮ್ಮಿಗೆ ಬೀಗತಿ ತಾವೇ ಹೇಳಿ ಐದು ಬೊಟ್ಟು ಇಡಿಸಿದರು, ಗಂಗೆ ಇದ್ದ ಹಾಗೆ ಎಂದು. ಆಮೇಲೆ ಬಂದ ಬಿಲ್ಲು ಮೊದಲಿನದಕ್ಕಿಂತ ದೊಡ್ಡದು. ಅದರ ಮುಂದಿನದೂ ಹಾಗೆಯೇ.

ಪ್ಲಂಬರ್ ಬಂದು ಗೋಡೆಗೆಲ್ಲ ಕಿವಿಗೊಟ್ಟು, ಏನೂ ಇಲ್ಲ ಎಂದು ದುಡ್ಡು ತೆಗೆದುಕೊಂಡು ಹೋದ. ಗೇಟಿನ ಹತ್ತಿರದ ಮೀಟರಿನ ಫೋಟೊವನ್ನು ಅಳಿಯ ದಿನಾ ಫೋನಿನಲ್ಲಿ ಹಿಡಿಯತೊಡಗಿದ. ಇಷ್ಟು ಕ್ಯೂಬಿಕ್ ಮೀಟರ್ ಓಡಿದೆ ಎನ್ನುತ್ತಿದ್ದ. ಒಂದು ಕ್ಯೂಬಿಕ್ ಎಂದರೆ ಎಷ್ಟು ಕೊಡ ಎಂದು ನಾನು ಕೇಳಿದರೆ ಯಾರಿಗೂ ಹೇಳಲು ಬರಲಿಲ್ಲ. ಕೊನೆಗೆ ಮೊಮ್ಮಗಳು ಕೈ ಅಗಲ ಮಾಡಿ ತೋರಿಸಿದಳು, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ಲಾ ಸೇರಿಸಿ.

“ದೊಡ್ಡ ಬಾಕ್ಸ್ ಅಜ್ಜಿ. ನೀನು ಒಳಗೆ ಕೂತ್ಕೋಬಹುದು ಲಾ.”

ಡಬ್ಬದಲ್ಲಿ ನಾನು ಕೂತರೆ ನೀರು ಎಲ್ಲಿರುತ್ತದೆ ಎಂದೆ. ಅವಳು ಎದ್ದು ಹೋದಳು.

ಅಷ್ಟರಲ್ಲಿ ಅಳಿಯನ ಕಣ್ಣು ಆಳಿನ ಮೇಲೆ ಬಿದ್ದಿತ್ತು. ಗೇಟಿನ ಕೀಲಿಕೈ ಅವನ ಹತ್ತಿರ ಇತ್ತು, ನಾವು ಏಳುವ ಹೊತ್ತಿಗೆ ಬಂದಿರುತ್ತಿದ್ದ. ಅಳಿಯ ಎದ್ದು ಹೊರಗೆ ಬಂದಾಗ ಗಟಾರ ಒದ್ದೆ, ರಾತ್ರಿಯೇ ನಿಂತಿರಬೇಕಾದ ಮಿಷಿನ್ನು ಗುಂಯ್ ಎನ್ನುತ್ತಿರುತ್ತಿತ್ತು. ಇವನು ಬೇರೆಯವರ ಗಾಡಿ ತೊಳೆದು ಕೊಟ್ಟು ಕಾಸು ಮಾಡಿಕೊಳ್ಳುತ್ತಿದ್ದಾನೆ ಎಂದು ಅಳಿಯನಿಗೆ ಗಟ್ಟಿಯಾಯಿತು. ಇಲ್ಲಿ ಕೆಲಸ ಮಾಡಲು ಅವನಿಗಿರುವ ಪಾಸು ಮುಗಿಯುತ್ತಿದೆ, ಮತ್ತೆ ಮಾಡಿಸುವುದಿಲ್ಲ ಎಂದ. ಪಾಸು ಇಲ್ಲದಿದ್ದರೆ ಅವನು ಊರಿಗೆ ಹೋಗಬೇಕು. ಆಳಿಗೂ ವಾಸನೆ ಬಡಿದಿತ್ತು. ಒಂದು ದಿನ ನಾನು ಚಹಾ ಕೊಟ್ಟಾಗ ಕೇಳಿದ.

“ಅಜ್ಜಿ, ನಾನು ಮುಖ ತೊಳ್ಕೊಂಡ್ರೆ ಎಷ್ಟು ನೀರು ಆಗುತ್ತೆ? ಅಷ್ಟು ಬಿಲ್ ಬರುತ್ತಾ?”

ನನಗೆ ಗೊತ್ತಿಲ್ಲಪ್ಪ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ, ಮೊಣಕಾಲು ನೋವಿಗೆ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಹೊರಗೆ ನೀರಿನ ಸದ್ದು. ಹೋಗಿ ನೋಡಿದರೆ ಬೀಗತಿ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಡ್ರಮ್ಮಿನ ತಳದ ನಲ್ಲಿ ಬಿಟ್ಟು ಕೈಮುಗಿದು ನಿಂತಿದ್ದಾರೆ. ಚೊಕ್ಕ ನೀರೆಲ್ಲ ಗಟಾರದ ದಾರಿ ಹಿಡಿದಿದೆ.

“ಏನ್ರೀ ಮಾಡ್ತಿದೀರಿ?” ಎಂದೆ.

“ರಾತ್ರಿ ನೀರು ಕಣ್ರೀ ಇದು. ಪೂಜೆ ಆಗಿರೋ ಪಾತ್ರೇಲಿ ಹಳೇ ನೀರು ಇಟ್ಕೊಂಡು ದಿನದ ಕೆಲಸ ಶುರು ಮಾಡಿದ್ರೆ ಏಳಿಗೆ ಆಗುತ್ತಾ? ಹೊಸದು ತುಂಬ್ಲಿ ಅಂತ ಬಿಡ್ತೀನಿ.”

ಅವರು ಹೇಳಿದ್ದು ನನಗೆ ವಿಚಿತ್ರ ಅನ್ನಿಸಲಿಲ್ಲ, ಅದೇ ತೊಂದರೆಯಾಯಿತು. ನಮ್ಮಲ್ಲೂ ಬೆಳಗಾದರೆ ನಿನ್ನೆಯ ನೀರು ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತುಂಬುವುದೇ ರೂಢಿ. ಆದರೆ ನಾವು ಚೆಲ್ಲುತ್ತಿದ್ದದ್ದು ದನದ ಬಾನಿಗೆ, ಗಿಡದ ಬುಡಕ್ಕೆ. ಮೀಟರು ಓಡುತ್ತದಲ್ಲರೀ ಎಂದೆ.

“ಅದು ಅಡುಗೆಮನೆ ನೀರಿಗೆ. ಇದು ಮಿಷಿನ್ ನೀರು. ಮಿಷಿನ್ನೇ ಮಾಡ್ಕೊಡುತ್ತಲ್ಲ.”

ಇಷ್ಟು ಖಚಿತವಾಗಿ ಹೇಳಿದರೆ ನಾನೇನು ಮಾಡಲಿ. ನನಗೂ ಅನುಮಾನ ಬಂತು. ಅವರು ಒಳಗೆ ಹೋದ ಮೇಲೆ ಗೇಟಿನ ಹತ್ತಿರ ಹೋಗಿ ಮೀಟರಿನ ಮುಚ್ಚಳ ಎತ್ತಿ ಬಗ್ಗಿ ನಿಂತೆ. ಅಡುಗೆಮನೆಯಲ್ಲಿ ನಲ್ಲಿ ಬಂದ್. ಮಿಷಿನ್ನು ಗುಂಯ್ ಎನ್ನುತ್ತಿತ್ತು. ಮೀಟರಿನ ಕೆಂಪು ಮುಳ್ಳು ಗರಗರ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಳು ಬಂದ, ಒದ್ದೆ ಗಟಾರ ದಾಟಿ, ತುಂಬುತ್ತಿದ್ದ ಡ್ರಮ್ಮಿನ ಪಕ್ಕ ಕೈಕಟ್ಟಿ ಕಾಯುತ್ತ ನಿಂತ. ಅಳಿಯ ಬಾಗಿಲು ತೆಗೆದು ಮೊದಲು ನೋಡುತ್ತಿದ್ದದ್ದು ಅದನ್ನೇ.

ಇಡೀ ದಿನ ನನಗೆ ಹೇಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಮಗಳ ಮನೆಯಲ್ಲಿ ಕೂತು ಅವಳ ಅತ್ತೆಯ ಮೇಲೆ ದೂರು ಹೇಳಿದರೆ ನಾಳೆ ನಾನು ವಿಮಾನ ಹತ್ತುತ್ತೇನೆ, ಅನುಭವಿಸುವವಳು ಮಗಳು. ಹೇಳದಿದ್ದರೆ ಆಳು ವಿಮಾನ ಹತ್ತುತ್ತಾನೆ. ಮಧ್ಯಾಹ್ನ ಬೀಗತಿಗೆ ಕೆಂಪು ಮುಳ್ಳಿನ ವಿಷಯ ಹೇಳಿದೆ. ಅವರು ಹುರುಳಿಕಾಯಿ ಮುರಿಯುತ್ತ, ನೀವು ಸರಿಯಾಗಿ ನೋಡಿರಲ್ಲ ಎಂದರು.

ರಾತ್ರಿ ಊಟಕ್ಕೆ ಕೂತಾಗ ಅಳಿಯ, ನಾಳೆ ಅವನಿಗೆ ಹೇಳಿಬಿಡುತ್ತೇನೆ ಎಂದ. ಬೀಗತಿ ಏನಾದರೂ ಹೇಳಬಹುದು ಎಂದು ಕಾದೆ. ಅವರು ಮಜ್ಜಿಗೆ ಅನ್ನ ಕಲೆಸುತ್ತಲೇ ಇದ್ದರು.

“ಅವನ್ನ ಕಳಿಸಬ್ಯಾಡ್ರಿ,” ಎಂದೆ. “ನೀರು ಮನಿಯೊಳಗಿನವರಿಂದನ ಹೋಗಾಕತ್ತೈತಿ.”

“ಯಾರು, ಅತ್ತೆ?” ಎಂದ ಅಳಿಯ.

“ನಾಳೆ ಎದ್ದು ಗಟಾರ ನೋಡ್ರಿ. ಒಣಗಿದ್ದರ ಅವನ್ನ ಇಟ್ಕೋರಿ. ಒದ್ದೆ ಇದ್ದರ ನನ್ನ ಟಿಕೀಟೂ ಅವನ ಜೋಡಿಲೇ ತಗೀರಿ.”

ಮಗಳು ನನ್ನನ್ನು ನೋಡಿದಳು, ಅವಳ ಅತ್ತೆಯನ್ನು ನೋಡಿದಳು, ಅಳಿಯನಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಬೀಗತಿ ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದರು. ನೀರು ಹಳೆಯದಾಗುವುದು ಎಷ್ಟು ಹೊತ್ತಿಗೆ, ಅದು ಗಾಜಿಗೆ ಹೇಗೆ ಗೊತ್ತಾಗುತ್ತದೆ ಎಂದು ಯೋಚನೆ ಮಾಡುತ್ತಲೇ ನನಗೆ ನಿದ್ದೆ ಬಂತು. ಅದು ಇವತ್ತಿಗೂ ಬಗೆಹರಿದಿಲ್ಲ.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲು ಎದ್ದೆ. ಒದ್ದೆ ಅರಿವೆ ತಂದು ಡ್ರಮ್ಮಿನ ಐದೂ ಬೊಟ್ಟು ತಿಕ್ಕಿ ಒರೆಸಿದೆ. ದೇವರ ಗೂಡಿನಿಂದ ತಾಮ್ರದ ತಂಬಿಗೆ ತಂದು, ಅಡುಗೆಮನೆಯ ನಲ್ಲಿಯಲ್ಲಿ ತುಂಬಿಸಿ, ಕುಂಕುಮ ಹಚ್ಚಿ, ಡ್ರಮ್ಮಿನ ನಲ್ಲಿಗೆ ಅಡ್ಡವಾಗಿ ಒಂದು ಸ್ಟೂಲಿನ ಮೇಲೆ ಇಟ್ಟೆ. ಬೀಗತಿ ಸ್ನಾನ ಮುಗಿಸಿ ಬಂದು ಬೊಟ್ಟಿಲ್ಲದ ಡ್ರಮ್ಮನ್ನು ನೋಡಿ ನಿಂತುಬಿಟ್ಟರು.

“ಕುಂಕುಮ ಒರೆಸಿದ್ರಾ?”

“ಒರೆಸಿದೆ. ಈಗ ಅದು ಬರೇ ಡ್ರಮ್ಮು. ಚೆಲ್ಲೋದಿದ್ರೆ ತಂಬಿಗೆ ಚೆಲ್ರಿ, ಗಿಡಕ್ಕೆ.”

ಅವರು ತಂಬಿಗೆ ಎತ್ತಿ ತುಳಸಿಯ ಕುಂಡಕ್ಕೆ ಹೊಯ್ದರು, ಒಳಗೆ ಹೋಗಿ ಹೊಸ ನೀರು ತುಂಬಿ ತಂದು ಇಟ್ಟರು. ನನ್ನ ಮುಖ ನೋಡಲಿಲ್ಲ. ಮಿಷಿನ್ನು ಸುಮ್ಮನಿತ್ತು. ಆಳು ಗೇಟು ತೆಗೆದು ಬಂದ. ಹಿಂದೆಯೇ ಅಳಿಯ ಬಾಗಿಲಿಗೆ ಬಂದು ಒಣಗಿದ ಗಟಾರ ನೋಡಿದ, ಡ್ರಮ್ಮು ನೋಡಿದ, ತಂಬಿಗೆ ನೋಡಿದ, ಕೊನೆಗೆ ತಾಯಿಯನ್ನು ನೋಡಿ, ಆಳಿಗೆ ಹೇಳಬೇಕೆಂದಿದ್ದನ್ನು ಹೇಳದೆ ಒಳಗೆ ಹೋದ. ನಾನು ಸ್ಟೂಲನ್ನು ಪಕ್ಕಕ್ಕೆ ಸರಿಸಿ, ವ್ಯಾನಿಗೆ ನೀರು ತುಂಬುವ ಪೈಪಿನ ತುದಿ ಎತ್ತಿ ಆಳಿನ ಕೈಗೆ ಕೊಟ್ಟೆ.