ಕೊನೆಯ ತಿರುವಿನಲ್ಲಿ ಕೂರುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮ್ಯಾರಥಾನ್ ದಾರಿಯ ಕೊನೆಯ ತಿರುವಿನಲ್ಲಿ, ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಇಸ್ತ್ರಿ ಅಂಗಡಿಯ ಅಕ್ಕ ಕೂತಿದ್ದಾರೆ. ಓಟಗಾರರು ಇಲ್ಲಿಗೆ ಬರಲು ಬಹಳ ಹೊತ್ತಿದೆ. ಮಡಿಲಲ್ಲಿ ಕೈಚೀಲ. ಅದರೊಳಗೆ ಸಕ್ಕರೆ ನೀರು, ಬರೀ ನೀರು, ಇನ್ಸುಲಿನ್, ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರ, ಗರಿಗರಿಯಾದ ಒಂದು ಬಿಳಿ ಕರವಸ್ತ್ರ.

ಓಡುವುದು ಅವರ ತಮ್ಮ. ಲಿಫ್ಟ್ ರಿಪೇರಿ ಮಾಡುವವನು. ಚಿಕ್ಕಂದಿನಿಂದ ಟೈಪ್ ಒನ್ ಮಧುಮೇಹ; ದೇಹ ಇನ್ಸುಲಿನ್ ತಯಾರಿಸುವುದಿಲ್ಲ, ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕು. ಓಡುವಾಗ ಸಕ್ಕರೆ ಕುಸಿದರೆ ಪ್ರಾಣಕ್ಕೇ ಕುತ್ತು. ಕಳೆದ ಓಟದಲ್ಲಿ ರಸ್ತೆಯಲ್ಲೇ ಬಿದ್ದಿದ್ದ.

"ಓಡಿದ್ರೆ ಸಕ್ಕರೆ ಇಳಿಯುತ್ತೆ ಅಂತಾರೆ. ಓಟದ ದಿನ ಭಯಕ್ಕೋ ಏನೋ, ಮೊದಲು ಏರುತ್ತೆ. ಅದೇ ತಿಂಡಿ, ಅದೇ ಇಂಜೆಕ್ಷನ್, ನಿನ್ನೆ ಒಂಥರಾ, ಇವತ್ತು ಒಂಥರಾ. ಇಷ್ಟು ವರ್ಷ ಆದ್ರೂ ತಲೆಬುಡ ಗೊತ್ತಾಗಿಲ್ಲ," ಎನ್ನುತ್ತಾರೆ ಅಕ್ಕ. ಪಕ್ಕದಲ್ಲಿ ಕೂತು ಎರಡು ಸಲ ಕೇಳಿಸಿಕೊಂಡ ನನಗೂ ಗೊತ್ತಾಗುತ್ತಿಲ್ಲ.

ಕರವಸ್ತ್ರ ಯಾಕೆ? ಇಬ್ಬರೂ ಅಪ್ಪನ ಇಸ್ತ್ರಿ ಮೇಜಿನ ಕೆಳಗೆ ಬೆಳೆದವರು, ಬಟ್ಟೆ ಮಡಚುವುದು ಕೈಗೆ ತಾನಾಗಿ ಬರುತ್ತದೆ. "ಚೆನ್ನಾಗಿದ್ದೀಯಾ ಅಂದ್ರೆ ಚೆನ್ನಾಗಿದ್ದೀನಿ ಅಂತಾನೆ, ಬೀಳೋ ಹೊತ್ತಲ್ಲೂ! ಅದಕ್ಕೆ ಕೇಳೋದೇ ಬಿಟ್ಟೆ. ಇದನ್ನ ಮಡಚು ಅಂತೀನಿ. ಸಕ್ಕರೆ ಏರುಪೇರಾದ್ರೆ ಕೈ ಮಾತು ಕೇಳಲ್ಲ. ಅಂಚಿಗೆ ಅಂಚು ಸೇರಿದ್ರೆ ಹೋಗ್ಬಹುದು. ಇಲ್ದಿದ್ರೆ ಕೂತ್ಕೋಬೇಕು."

ಬಿಸಿಲೇರಿದ ಮೇಲೆ ತಮ್ಮ ಬರುತ್ತಾನೆ, ಬೆವರಲ್ಲಿ ತೊಯ್ದು ತೊಪ್ಪೆಯಾಗಿ. ಕರವಸ್ತ್ರ ಸೊಟ್ಟಸೊಟ್ಟ ಮಡಚುತ್ತಾನೆ.

"ಕೂತ್ಕೋ."

"ಬಿಡಕ್ಕಾ, ಇನ್ನೇನು ಬಂದೇಬಿಡ್ತು!" ಎಂದು ರೇಗುತ್ತಾನೆ.

ತೋಳಿಗೆ ಅಂಟಿಸಿದ ಸೆನ್ಸರ್ ಅರವತ್ತೆರಡು ತೋರಿಸುತ್ತದೆ, ಅಂದರೆ ಕಡಿಮೆ. ಬೆರಳು ಚುಚ್ಚಿ ನೋಡಿದರೆ ಮುನ್ನೂರ ಹತ್ತು, ಅಂದರೆ ವಿಪರೀತ ಜಾಸ್ತಿ. "ನೋಡು, ಜಾಸ್ತಿನೇ ಇದೆ. ಇನ್ಸುಲಿನ್ ಕೊಡು," ಎಂದು ಕೈಚಾಚುತ್ತಾನೆ. ಸಕ್ಕರೆ ಕಡಿಮೆಯಿದ್ದು ಇನ್ಸುಲಿನ್ ಚುಚ್ಚಿದರೆ ಅವನ ಕಥೆ ಮುಗಿದಂತೆ. ಅಕ್ಕನ ಕೈ ಇನ್ಸುಲಿನ್ನಿನ ಕಡೆ ಹೋಗುತ್ತದೆ, ಸಕ್ಕರೆ ನೀರಿನ ಬಾಟಲಿಯ ಕಡೆ ಹೋಗುತ್ತದೆ, ಎರಡನ್ನೂ ಮುಟ್ಟುವುದಿಲ್ಲ.

ಆಗ ಅವರ ಕಣ್ಣು ಕರವಸ್ತ್ರದ ಮೇಲೆ ಬೀಳುತ್ತದೆ. ಬಿಳಿ ಬಟ್ಟೆಯ ಮೇಲೆ ಬೆರಳಿನ ಅಂಟು ಕಲೆ.

"ದಾರೀಲಿ ಏನು ತಿಂದೆ?"

"ಬಾಳೆಹಣ್ಣು."

ಅಕ್ಕ ಕರವಸ್ತ್ರ ಒದ್ದೆ ಮಾಡಿ ಅವನ ಬೆರಳು ತಿಕ್ಕಿ ತಿಕ್ಕಿ ಒರೆಸುತ್ತಾರೆ, ಮತ್ತೆ ಚುಚ್ಚುತ್ತಾರೆ. ಐವತ್ತೆಂಟು! ಯಂತ್ರ ಅಳೆದದ್ದು ಬೆರಳಿಗಂಟಿದ ಹಣ್ಣಿನ ಸಿಹಿಯನ್ನು. ತಮ್ಮ ಗಟಗಟನೆ ಸಕ್ಕರೆ ನೀರು ಕುಡಿಯುವಾಗ ಅಕ್ಕ ಆಚೆ ತಿರುಗಿ ಅಳುತ್ತಾರೆ. "ಕೊಟ್ಟೇಬಿಡ್ತಿದ್ದೆ ಕಣೋ," ಎನ್ನುತ್ತಾರೆ.

ಸಕ್ಕರೆ ಸರಿಹೋಗುವಷ್ಟರಲ್ಲಿ ಓಟಗಾರರೆಲ್ಲ ಮುಂದೆ ಹೋಗಿದ್ದಾರೆ. ತಮ್ಮ ಏಳುತ್ತಾನೆ. "ಬಾ ಅಕ್ಕಾ, ಇವತ್ತು ಓಡಲ್ಲ, ನಡ್ಕೊಂಡು ಹೋಗೋಣ." ಇಷ್ಟು ವರ್ಷ ಈ ತಿರುವಿನಲ್ಲೇ ಕೂತ ಅಕ್ಕ ಓಟ ಮುಗಿಯುವ ಜಾಗವನ್ನು ನೋಡಿಯೇ ಇಲ್ಲ. ಅಲ್ಲಿ ಕುರ್ಚಿ ಎತ್ತಿಡುತ್ತಿದ್ದಾರೆ. ನೆಲದ ಮೇಲೆ ಅರ್ಧ ಅಳಿಸಿದ ಸುಣ್ಣದ ಗೆರೆ.

"ಇಷ್ಟೇನಾ? ಇದಕ್ಕಾ ನನ್ನ ಪ್ರಾಣ ತಿನ್ನೋದು ನೀನು?" ಎಂದು ಬೈಯುತ್ತಾರೆ. ಹಿಡಿದ ಅವನ ಮಣಿಕಟ್ಟನ್ನು ಮಾತ್ರ ಬಿಟ್ಟಿಲ್ಲ.

ಇನ್ನೇನು ಆಸೆ ಎಂದು ಕೇಳುತ್ತೇನೆ.

"ಮುಂದಿನ ಸಲ ಇಲ್ಲಿಗೆ ಅವನು ಓಡ್ಕೊಂಡೇ ಬರ್ಲಿ. ನಾನು ತಿರುವಲ್ಲೇ ಇರ್ತೀನಿ. ಈ ಗೆರೆ ನೋಡಿ ಆಯ್ತಲ್ಲ."