ಇನ್ನೊಂದು ದೊಡ್ಡಮನೆ

ಬೀಗರೇ, ನಿಮ್ಮ ತಂದೆಯ ಮುಖವನ್ನು ನಾನು ನೋಡಿದ್ದೆ. ಅವರ ಫೋಟೋ ಒಂಬತ್ತು ವರ್ಷ ನನ್ನ ಹತ್ತಿರವೇ ಇತ್ತು. ನಿಮಗೆ ತೋರಿಸಲಿಲ್ಲ.

ಸುತ್ತಿ ಬಳಸಿ ಹೇಳಹೊರಟರೆ ಮತ್ತೆ ನುಣುಚಿಕೊಳ್ಳುತ್ತೇನೆ ಎಂಬ ಭಯಕ್ಕೆ ಮೊದಲೇ ಹೇಳಿಬಿಟ್ಟೆ. ನೀವು ಈಗಿಲ್ಲ. ಇದ್ದಿದ್ದರೂ ಇದನ್ನು ಓದಲು ನಿಮಗೆ ಬರುತ್ತಿರಲಿಲ್ಲ — ನಿಮಗೆ ಬರುತ್ತಿದ್ದ ಕನ್ನಡವೆಂದರೆ 'ಬೀಗಿತ್ತಿ', 'ಸಾಕು', 'ಇನ್ನೂ ಸ್ವಲ್ಪ', ಇಷ್ಟೇ. ಅದರಲ್ಲೂ 'ಸಾಕು' ಎಂದದ್ದು ಕಡಿಮೆ. ನಿಮಗೆ ತಲುಪದ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಹೇಡಿತನವೇ, ಗೊತ್ತು. ಆದರೆ ಆ ಸುಳ್ಳು ಹುಟ್ಟಿದ್ದು ಕನ್ನಡದಲ್ಲಿ. ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಮಗಳು ಸ್ಮಿತಾ ನಿಮ್ಮ ಮಗನನ್ನು ಮದುವೆಯಾಗುತ್ತೇನೆ ಎಂದಾಗ, ಮಾರಿಸ್‌ಟೌನ್‌ನ ನಿಮ್ಮ ಮನೆಗೆ ನಾವು ಮೊದಲ ಸಲ ಊಟಕ್ಕೆ ಬಂದೆವು. ಊಟವಾದ ಮೇಲೆ ನೀವು ಒಂದು ಪುಟ್ಟ ಪುಸ್ತಕ ತಂದು ನನ್ನ ಕೈಯಲ್ಲಿಟ್ಟಿರಿ. ವೇಲ್ಸ್ ಭಾಷೆಯ ಪ್ರಾರ್ಥನಾಗೀತೆಗಳು. ಮೊದಲ ಪುಟದಲ್ಲಿ ಶಾಯಿಯಲ್ಲಿ ನಿಮ್ಮ ತಂದೆಯ ಹೆಸರು, ಕೆಳಗೆ ಎರಡು ಪದ — ಟೀ ಮೌರ್. "ನನ್ನಪ್ಪನದು ಅಂತ ಉಳಿದಿರೋದು ಇದೊಂದೇ" ಎಂದಿರಿ. ಅವರು ವೇಲ್ಸ್‌ನಿಂದ ಸಮುದ್ರ ದಾಟಿ ಒಬ್ಬರೇ ಈ ದೇಶಕ್ಕೆ ಬಂದವರು, ನಿಮಗೆ ಮೂರು ವರ್ಷವಾಗಿದ್ದಾಗ ತೀರಿಕೊಂಡವರು. ನಿಮ್ಮ ತಾಯಿ ಮರುಮದುವೆಯಾಗಿ, ಹಳೆಯದನ್ನೆಲ್ಲ ಎಸೆದರು. ಒಂದು ಫೋಟೋ ಕೂಡ ಇಲ್ಲ. ಎಪ್ಪತ್ತು ದಾಟಿದ ನೀವು ಕನ್ನಡಿಯ ಮುಂದೆ ನಿಂತು ಅಪ್ಪನನ್ನು ಊಹಿಸಿಕೊಳ್ಳುತ್ತೀರಿ ಎಂದು ನಗುತ್ತಾ ಹೇಳಿದಿರಿ. ನನಗೆ ನಗು ಬರಲಿಲ್ಲ.

"ನಾನು ಹುಡುಕಿಕೊಡ್ತೀನಿ. ಲೈಬ್ರರಿಯಲ್ಲಿ ನನ್ನ ಕೆಲಸವೇ ಅದು" ಎಂದೆ. ಜಂಬ ಇತ್ತು ಆ ಮಾತಿನಲ್ಲಿ. ನಮ್ಮೂರು ಹಿಲ್ಸ್‌ಬರೋದಲ್ಲಿ ಯಾರಿಗೆ ಅಜ್ಜನ ಹಡಗಿನ ಹೆಸರು ಬೇಕಾದರೂ, ಹಳೆಯ ಸಮಾಧಿಯ ವಿವರ ಬೇಕಾದರೂ ನನ್ನ ಮೇಜಿಗೇ ಬರುತ್ತಿದ್ದರು.

ಟೀ ಮೌರ್ ಎಂದರೆ ದೊಡ್ಡ ಮನೆ. ಹುಡುಕಿದರೆ ವೇಲ್ಸ್ ತುಂಬ ಟೀ ಮೌರ್‌ಗಳು! ಒಂದರಲ್ಲಿ ಬೈಬಲನ್ನು ವೇಲ್ಸ್ ಭಾಷೆಗೆ ತಂದ ವಿದ್ವಾಂಸರು ಹುಟ್ಟಿದ್ದರು. ಕಣಿವೆಯೊಳಗಿನ ಆ ಕಲ್ಲಿನ ಮನೆಯನ್ನು ಈಗಲೂ ಜನ ಹೋಗಿ ನೋಡುತ್ತಾರೆ. ಮತ್ತೊಂದರಲ್ಲಿ ಒಬ್ಬ ನ್ಯಾಯಾಧೀಶ, ಇನ್ನೊಂದರಲ್ಲಿ ಒಬ್ಬ ಹಡಗಿನ ಕಪ್ತಾನ. ಉಳಿದವುಗಳಲ್ಲಿ ಕುರಿ ಸಾಕಿಕೊಂಡು, ಆಲೂಗಡ್ಡೆ ಬೆಳೆದುಕೊಂಡು ಇದ್ದ ಜನ — ಅವರ ಬಗ್ಗೆ ಯಾರೂ ಏನೂ ಬರೆದಿಟ್ಟಿರಲಿಲ್ಲ. ನನಗಿದು ಹೊಸದಾಗಿ ಕಾಣಬೇಕಿರಲಿಲ್ಲ. ಮಂಡ್ಯದ ಕಡೆ ನನ್ನ ತವರಿಗೂ ದೊಡ್ಡಮನೆ ಎಂದೇ ಹೆಸರು, ಪಕ್ಕದೂರಿನಲ್ಲೂ ಒಂದು ದೊಡ್ಡಮನೆ, ಅದರಾಚೆಯ ಊರಿನಲ್ಲೂ ಒಂದು. ನಮ್ಮದರಲ್ಲಿ ಇದ್ದದ್ದು ಮೂರು ಕೋಣೆ. ದೊಡ್ಡಮನೆ ಎಂದ ಮಾತ್ರಕ್ಕೆ ಯಾವ ದೊಡ್ಡಮನೆ ಎಂದು ಕೇಳಬೇಕೆನ್ನುವುದು ನಮ್ಮೂರ ಪೋಸ್ಟ್‌ಮ್ಯಾನ್‌ಗೂ ಗೊತ್ತಿತ್ತು.

ನಾನೂ ಕೇಳಿದೆ, ಅದು ನಿಜ. ನಿಮ್ಮ ತಂದೆಯ ಹೆಸರು ಅಲ್ಲಿನ ದಾಖಲೆಗಳಲ್ಲಿದೆಯೇ ಎಂದು ವೇಲ್ಸ್‌ನ ನಾಲ್ಕೈದು ಚರ್ಚುಗಳಿಗೆ ಬರೆದೆ. ತಿಂಗಳುಗಟ್ಟಲೆ ಉತ್ತರವಿಲ್ಲ. ಅಷ್ಟರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವ ಸಮಯ ಬಂತು, ಮೈಸೂರಿನಿಂದ ಸೋದರತ್ತೆಯ ಫೋನೂ ಬಂತು. ನಮ್ಮ ಮನೆಯಲ್ಲಿ ಉಳಿದಿದ್ದ ಹಿರಿಯರು ಅವರೊಬ್ಬರೇ. ಅವರು ಒಪ್ಪದೆ ಯಾವ ಮದುವೆಯೂ ನಡೆದಿರಲಿಲ್ಲ.

"ಬೇರೆ ಜನ ಅನ್ನೋದನ್ನ ಹೇಗೋ ನುಂಗ್ಕೊಂಡೆ ಕಣೇ. ಆದ್ರೆ ಮನೆತನ ಅಂತ ಒಂದು ಇರತ್ತಲ್ಲ? ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಗೊತ್ತಿಲ್ಲ ಎನ್ನಬಹುದಿತ್ತು. ಒಳ್ಳೆಯ ಜನ ಅತ್ತೆ, ಅಷ್ಟು ಸಾಲದೇ ಎನ್ನಬಹುದಿತ್ತು. ನಾನು ಹೇಳಿದ್ದು ಇದು: "ಬೈಬಲನ್ನೇ ತಮ್ಮ ಭಾಷೆಗೆ ತಂದ ಪಂಡಿತರ ಮನೆತನ ಅತ್ತೆ. ಅವರ ಮನೆ ನೋಡೋಕೆ ಈಗ್ಲೂ ಜನ ಹೋಗ್ತಾರೆ."

ಅತ್ತೆ, "ಹಾಗನ್ನು ಮತ್ತೆ! ಪಂಡಿತರ ಮನೆ" ಎಂದರು. ಆ ಸಮಾಧಾನದ ದನಿ ಕೇಳಿ — ಹೇಳಲು ನಾಚಿಕೆಯಾಗುತ್ತದೆ — ನನಗೂ ಹಿತವಾಯಿತು. ಅದನ್ನೇ ಲಗ್ನಪತ್ರಿಕೆಯಲ್ಲಿ ಹಾಕಿಸಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಇಂಗ್ಲಿಷಿನ ಸಾಲನ್ನು ನೀವು ಓದಿದಿರಿ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದಿರಿ. "ಖಚಿತವೇ?" ಎಂದಿರಿ. ನಾನು ತಲೆಯಾಡಿಸಿದೆ.

ಮದುವೆಗೆ ವಾರವಿರುವಾಗ ಇಮೇಲ್‌ನಲ್ಲಿ ಉತ್ತರ ಬಂತು. ಬರೆದವರು ನೆಸ್ತಾ ಎಂಬ ಹೆಂಗಸು. ನನ್ನ ಪತ್ರವನ್ನು ಅವರ ಚರ್ಚಿನವರು ಅವರಿಗೆ ಮುಟ್ಟಿಸಿದ್ದರು. 'ನೀವು ಕೇಳುತ್ತಿರುವುದು ನನ್ನ ಸೋದರಮಾವನನ್ನು. ನಮ್ಮದು ಹೆಸರಾದ ಟೀ ಮೌರ್ ಅಲ್ಲ. ನಾಲ್ಕು ಹೊಲ, ಒಂದಷ್ಟು ಕುರಿ. ಅಣ್ಣನ ಕಾಗದ ಬರುತ್ತದೆಂದು ನನ್ನ ತಾಯಿ ಕೊನೆಯವರೆಗೂ ಕಾದರು. ಮಾವನಿಗೆ ಒಬ್ಬ ಮಗನಿದ್ದಾನೆಂದು ನಮಗೆ ತಿಳಿದೇ ಇರಲಿಲ್ಲ.' ಜೊತೆಗೆ ಫೋಟೋ: ತಗ್ಗು ಬಾಗಿಲ ಮುಂದೆ ಅಣ್ಣ, ತಂಗಿ. ಅಣ್ಣನಿಗೆ ಇಪ್ಪತ್ತು ಇರಬಹುದು. ಆ ಅಗಲ ಕಿವಿಗಳು, ನಗುವಾಗ ಒಂದೇ ಕಡೆ ಮೇಲೇಳುವ ತುಟಿ — ಬೀಗರೇ, ನೀವೇ ನಿಂತಿದ್ದಿರಿ ಅಲ್ಲಿ.

ಎರಡು ಸಲ ಓದಿದೆ. ಲಗ್ನಪತ್ರಿಕೆ ಇನ್ನೂರು ಮನೆಗಳಿಗೆ ಹೋಗಿಯಾಗಿತ್ತು. ಅತ್ತೆ ಮೈಸೂರಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ನಿಮ್ಮ ಹೆಂಡತಿ ಮಾರ್ಗರೆಟ್ ಐಸೆಲಿನ್‌ನ ಇಂಡಿಯನ್ ಅಂಗಡಿಗಳಿಗೆ ಹೋಗಿ ರೇಷ್ಮೆ ಸೀರೆ ತಂದಾಗಿತ್ತು. ನಾನು ನೆಸ್ತಾರಿಗೆ ಬರೆದೆ: 'ಕ್ಷಮಿಸಿ, ವಿಚಾರಿಸಿದಾಗ ನಮ್ಮ ಬೀಗರ ಕುಟುಂಬ ಬೇರೆಯದೆಂದು ತಿಳಿಯಿತು.'

ಅವಸರದಲ್ಲಿ ಊಹಿಸಿ ಹೇಳಿದ್ದನ್ನು ತಪ್ಪೆನ್ನಬಹುದು. ಇದು ತಪ್ಪಲ್ಲ, ದ್ರೋಹ. ಮದುವೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಮದುವೆ ಮುಗಿಯಿತು. ನೀವು ಮನೆಯ ಬಾಗಿಲಿಗೆ 'ಟೀ ಮೌರ್' ಎಂದು ಮರದ ಫಲಕ ಹಾಕಿದಿರಿ — ಇನ್ನು ಹೇಗೆ ಹೇಳಲಿ? ಮರುವರ್ಷ ವೇಲ್ಸ್‌ಗೇ ಹೊರಟಿರಿ. ವಿಮಾನ ನಿಲ್ದಾಣಕ್ಕೆ ಡ್ರೈವ್ ಮಾಡಿದ್ದು ನಾನೇ. ದಾರಿಯುದ್ದಕ್ಕೂ ಬಾಯಿಗೆ ಬಂದದ್ದನ್ನು ನುಂಗುತ್ತಾ ಹೋದೆ. ತಿರುಗಿ ಬಂದು, "ಆ ವಿದ್ವಾಂಸರ ಒಲೆಯ ಪಕ್ಕ ನಿಂತಾಗ ನನಗೇನೋ ಆಯ್ತು ಬೀಗಿತ್ತಿ" ಎಂದಿರಿ. ನೆಸ್ತಾರ ಮನೆ ಅಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ನಾನು ನಿಮ್ಮ ತಟ್ಟೆಗೆ ಇನ್ನಷ್ಟು ಚಿತ್ರಾನ್ನ ಬಡಿಸಿದೆ.

ಈ ಚಳಿಗಾಲ ಆಸ್ಪತ್ರೆಯಲ್ಲಿ, ಮಾರ್ಗರೆಟ್ ಕಾಫಿಗೆಂದು ಕೆಳಗೆ ಹೋಗಿದ್ದಾಗ, ನೀವು ಕೇಳಿದಿರಿ: "ನನ್ನಪ್ಪ ನೋಡೋಕೆ ಹೇಗಿದ್ದಿರಬಹುದು?"

ಫೋನು ನನ್ನ ಚೀಲದಲ್ಲಿತ್ತು. ಫೋಟೋ ಫೋನಿನಲ್ಲಿತ್ತು.

"ನಿಮ್ಮ ಹಾಗೇ" ಎಂದೆ.

ನೀವು ನಕ್ಕಿರಿ, ಒಂದೇ ಕಡೆ ತುಟಿ ಎತ್ತಿ. ಉಪಚಾರಕ್ಕೆ ಹೇಳಿದ ಮಾತೆಂದು ತಿಳಿದಿರಬೇಕು. ನಾಲ್ಕನೆಯ ದಿನ ನೀವು ಹೊರಟುಹೋದಿರಿ.

ಆಮೇಲೆ ನಿಮ್ಮ ಬೂದಿಯನ್ನು ಆ ಪಂಡಿತರ ಮನೆಯ ಕಣಿವೆಗೆ ಒಯ್ಯಲು ಮಾರ್ಗರೆಟ್ ಟಿಕೆಟ್ ತೆಗೆಸಿದ್ದರು. "ಹುಡುಕಿದ್ದು ನೀನೇ ಅಲ್ವಾ ಅಮ್ಮಾ, ಅಲ್ಲಿ ಎರಡು ಮಾತು ನೀನೇ ಹೇಳು" ಎಂದಳು ಸ್ಮಿತಾ. ಸತ್ತ ಮೇಲೂ ನಿಮ್ಮನ್ನು ಯಾರದೋ ಮನೆಯ ಮುಂದೆ ಬಿಟ್ಟುಬರಲು ಹೊರಟಿದ್ದೆ ನಾನು.

ಮೊದಲು ಅತ್ತೆಗೆ ಫೋನ್ ಮಾಡಿದೆ. ಸುಲಭದ್ದರಿಂದ ಶುರು ಮಾಡುವ ಬುದ್ಧಿ ಹೋಗಿಲ್ಲ. ಅವರಿಗೀಗ ತೊಂಬತ್ತರ ಮೇಲೆ. ಎಲ್ಲ ಹೇಳಿದೆ. ಕೇಳಿಸಿಕೊಂಡು, "ಪಂಡಿತರ ಮನೆಯೇ? ನಂಗೆ ನೆನಪೇ ಇಲ್ವಲ್ಲೇ" ಎಂದರು. "ಅವರು ನಂಗೆ ಕಾಲು ನೋವಿಗೆ ಒಂದು ಕೋಲು ಕಳ್ಸಿದ್ರಲ್ಲ, ಅದು ನೆನಪಿದೆ. ಒಳ್ಳೇ ಮನುಷ್ಯ."

ಯಾರ ಬಾಯಿ ಮುಚ್ಚಿಸಲು ನಿಮ್ಮ ಅಪ್ಪನನ್ನು ಮುಚ್ಚಿಟ್ಟೆನೋ ಅವರಿಗೆ ನೆನಪಿದ್ದದ್ದು ನಿಮ್ಮ ಕೋಲು.

ನೆಸ್ತಾರಿಗೆ ನಿಜವನ್ನು ಬರೆದಿದ್ದೇನೆ. ಉತ್ತರ ಬಂದಿಲ್ಲ. ಅವರು ಇದ್ದಾರೋ ಇಲ್ಲವೋ ತಿಳಿಯದು.

ನಿನ್ನೆ ಬೆಳಿಗ್ಗೆ ಫೋಟೋವನ್ನು ಪ್ರಿಂಟ್ ಹಾಕಿಸಿಕೊಂಡು ನಿಮ್ಮ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಮಾರ್ಗರೆಟ್ ಬಗ್ಗಿ ನೋಡಿದರು, ಕೈ ಬಾಯಿಗೆ ಹೋಯಿತು. ಇದು ಯಾರು ಎಂದು ಅವರು ಕೇಳಲೇ ಇಲ್ಲ.

"ಯಾವಾಗ ಬಂತು?"

"ಮದುವೆಗೆ ಒಂದು ವಾರ ಮೊದಲು."

"ಆಸ್ಪತ್ರೆಯಲ್ಲಿ ಇದ್ದಾಗ—"

"ನನ್ನ ಹತ್ತಿರ ಇತ್ತು."

ಉಳಿದದ್ದನ್ನೂ ಹೇಳಿದೆ, ನೆಸ್ತಾರಿಗೆ ಬರೆದ ಸುಳ್ಳನ್ನೂ. ಕ್ಷಮಿಸಿ ಎನ್ನಲಿಲ್ಲ, ಆ ಮಾತನ್ನು ಒಮ್ಮೆ ಸುಳ್ಳಿಗೆ ಬಳಸಿದ್ದೆ. ಮಾರ್ಗರೆಟ್ ಕೂಗಾಡಲಿಲ್ಲ. ಕಿಟಕಿಯ ಹತ್ತಿರ ನಿಮ್ಮ ಬೂದಿಯಿದ್ದ ಮರದ ಪೆಟ್ಟಿಗೆಯ ಮುಂದೆ ಫೋಟೋವನ್ನು ಒರಗಿಸಿ ನಿಲ್ಲಿಸಿದರು — ಮುಖ ನಿಮ್ಮ ಕಡೆಗೆ, ಬೆನ್ನು ನನ್ನ ಕಡೆಗೆ.

"ಈಗ ನೀವು ಹೊರಡಿ" ಎಂದರು.

ಹೊರಟೆ. ಬಾಗಿಲವರೆಗೂ ಯಾರೂ ಬರಲಿಲ್ಲ. ನೀವಿದ್ದಾಗ, ಬೀಗರೇ, ಎಂಥ ಹಿಮವಿದ್ದರೂ ಕಾರಿನವರೆಗೆ ಬಂದು ಕಳಿಸಿಕೊಡುತ್ತಿದ್ದಿರಿ.